ಕಂತಿನ ಲೆಕ್ಕವೂ ವಿನ್ಯಾಸವೇ

ವಿನ್ಯಾಸ ಕಾರ್ಯತಂತ್ರ, ಅಂದರೆ ಏನನ್ನು, ಯಾರಿಗಾಗಿ, ಹೇಗೆ ರೂಪಿಸಿ ತಲುಪಿಸಬೇಕೆಂದು ಯೋಜಿಸುವ ಕೆಲಸ. ಅದರಲ್ಲಿ ವೃತ್ತಿ ಕಟ್ಟಿಕೊಳ್ಳುವುದು ಹೇಗೆ, ಯಾವ ಕೋರ್ಸ್‌ಗಳಿವೆ ಎಂಬ ಲೇಖನವೊಂದನ್ನು ಓದಿದೆ. ಆ ವೃತ್ತಿಗೆ ಬರುವವರು ಮೊದಲು ಪರಿಸರಸ್ನೇಹಿ ವಸ್ತುಗಳನ್ನು ಅರಿಯಬೇಕು ಎಂಬ ಲೇಖಕರ ಮಾತಿಗೆ ನನ್ನ ತಕರಾರಿದೆ. ಬಳಸುವವರ ಕೈಗೆ ದುಡ್ಡು ಯಾವಾಗ, ಎಷ್ಟೆಷ್ಟು ಬರುತ್ತದೆ ಎಂಬುದು ಅದಕ್ಕಿಂತ ಮೊದಲು ಗೊತ್ತಿರಬೇಕು. ಸೌರದೀಪಗಳನ್ನು ಅಳವಡಿಸಿಕೊಡುವ, 1995ರಲ್ಲಿ ಶುರುವಾದ ಬೆಂಗಳೂರಿನ ಸೆಲ್ಕೋ ಸಂಸ್ಥೆಯನ್ನೇ ನೋಡಿ. ಸೌರಫಲಕವನ್ನು ಅವರೇನೂ ಕಂಡುಹಿಡಿಯಲಿಲ್ಲ. ಬೀದಿಬದಿ ವ್ಯಾಪಾರಿಗೆ ತಿಂಗಳ ಕೊನೆಗೆ 300 ರೂಪಾಯಿ ಒಟ್ಟಿಗೆ ಎತ್ತಿಡುವುದು ಕಷ್ಟ, ದಿನಕ್ಕೆ 10 ರೂಪಾಯಿ ಅಷ್ಟು ಕಷ್ಟವಲ್ಲ ಎಂಬುದನ್ನು ಅರಿತು ಬ್ಯಾಂಕುಗಳನ್ನು ಅಂಥ ಸಣ್ಣ ಕಂತಿನ ಸಾಲಕ್ಕೆ ಒಪ್ಪಿಸಿದರು. ದುರಸ್ತಿಗೂ ತಾವೇ ನಿಂತರು. ಸೆಲ್ಕೋ ಸ್ಥಾಪಕರಲ್ಲೊಬ್ಬರಾದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದದ್ದು ಸೌರವಿದ್ಯುತ್ತನ್ನು ಹೀಗೆ ಬಡವರ ಮನೆಗೆ ಮುಟ್ಟಿಸಿದ್ದಕ್ಕೆ.

ಇನ್ನು ವಸ್ತುವಿನ ವಿಷಯ. ಪ್ಯಾಕೇಜಿಂಗ್ ವಿನ್ಯಾಸವೇ ನನ್ನ ಹೊಟ್ಟೆಪಾಡು. 'ಕಾಗದದ್ದು, ಹಸಿರು' ಎಂದು ಕೊಂಡಾಡುವ ಎಷ್ಟೋ ಲೋಟಗಳ ಒಳಮೈಯನ್ನು ಉಗುರಿನಿಂದ ಕೆರೆದರೆ ತೆಳುವಾದ ಪ್ಲಾಸ್ಟಿಕ್ ಪದರ ಏಳುತ್ತದೆ. ಗುಜರಿಯವರು ಅದನ್ನು ಮೂಸಿಯೂ ನೋಡುವುದಿಲ್ಲ. ಪದರ ಬಿಡಿಸುವ ಖರ್ಚು ಕಾಗದದ ಬೆಲೆಗೆ ಗಿಟ್ಟುವುದಿಲ್ಲ. ಲಕ್ಷಗಟ್ಟಲೆ ಶುಲ್ಕದ ಕೋರ್ಸ್‌ಗಳ ಪಟ್ಟಿ ಕೊಟ್ಟ ಲೇಖಕರು (ಪಟ್ಟಿ ಉದ್ದವಾಗಿಯೇ ಇದೆ, ಸಂತೋಷ) ಅವುಗಳಲ್ಲಿ ಎಷ್ಟು ಕಡೆ ವಿದ್ಯಾರ್ಥಿಗಳನ್ನು ಗುಜರಿ ಅಂಗಡಿಗೆ ಕಳಿಸುತ್ತಾರೆ ಎಂಬುದನ್ನೂ ತಿಳಿಸಲಿ.