ಪ್ರವಾಸಿಗಳಿಗೆ ಮಾರಿದ ಇಸ್ತಾಂಬುಲ್ ಚಿತ್ರಗಳನ್ನು ನಂಬಬಹುದಾ?

ಪರ

ಪ್ರವಾಸಿಗಳಿಗೆ ಇಸ್ತಾಂಬುಲ್ ಚಿತ್ರ ಬರೆದು ಮಾರಿದ ಅಮಡಿಯೊ ಪ್ರೆಜಿಯೋಸಿ ಮಾಲ್ಟಾದವರು. 1816ರಲ್ಲಿ ಹುಟ್ಟಿದ್ದು, ದೊಡ್ಡ ಮನೆತನ. ಮಗ ಲಾ ಓದಲಿ ಅಂತ ಅಪ್ಪನ ಆಸೆ. ಮಗ ಕುಂಚ ಹಿಡಿದು 1842ರ ಹೊತ್ತಿಗೆ ಇಸ್ತಾಂಬುಲ್ ಸೇರಿದರು, 1882ರಲ್ಲಿ ಸಾಯುವವರೆಗೂ ಅಲ್ಲೇ ಇದ್ದರು. ಹಡಗಿನಿಂದ ಇಳಿದು ಎರಡು ವಾರ ಸುತ್ತಾಡಿ ಪ್ರವಾಸಕಥನ ಬರೆದವರ ಮಾತನ್ನು ಇತಿಹಾಸ ಅಂತ ಒಪ್ಪುತ್ತೇವೆ, ಅಲ್ಲೇ ಗ್ರೀಕ್ ಹೆಂಗಸನ್ನು ಮದುವೆಯಾಗಿ ಸಂಸಾರ ಹೂಡಿ ನಲವತ್ತು ವರ್ಷ ಅದೇ ಬೀದಿಗಳಲ್ಲಿ ಓಡಾಡಿದವರ ಚಿತ್ರದ ಮೇಲೆ ಮಾತ್ರ ಅನುಮಾನ ಅಂದ್ರೆ ಹೇಗೆ?

ದುಡ್ಡಿಗೆ ಬರೆದರು, ನಿಜ. 1869ರಲ್ಲಿ ಬ್ರಿಟನ್ನಿನ ಯುವರಾಜನೇ ಬಂದು ಚಿತ್ರ ಕೊಂಡ. ಆದರೆ ಬೆಳಿಗ್ಗೆ ತಾನೇ ಮಸೀದಿ, ಪೇಟೆ ನೋಡಿ ಬಂದ ಗಿರಾಕಿ, ಸಂಜೆ ಚಿತ್ರದಲ್ಲಿ ಅದು ಬೇರೆ ಥರ ಕಂಡರೆ ಕಾಸು ಬಿಚ್ಚುತ್ತಾನಾ? ಇನ್ನು ಬಣ್ಣ. ಅಬ್ದುಲ್ಲಾ ಸೋದರರು ಅದೇ ಊರಲ್ಲಿ ಫೋಟೋ ಸ್ಟುಡಿಯೋ ಶುರುಮಾಡಿದ್ದು 1858ರಲ್ಲಿ, ಅವರ ಫೋಟೋಗಳಲ್ಲಿ ಕಾಫಿ ಅಂಗಡಿಯ ಗೋಡೆ ಯಾವ ಬಣ್ಣದ್ದು ಅಂತ ತಿಳಿಯೋದಿಲ್ಲ. 1854ರಲ್ಲಿ ಪ್ರೆಜಿಯೋಸಿ ಬರೆದ ಕಾಫಿ ಅಂಗಡಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ.

ವಿರೋಧ

ಗಿರಾಕಿ ತಪ್ಪು ಹಿಡಿಯುತ್ತಾನೆ ಅನ್ನೋದು ಕಟ್ಟಡಗಳಿಗೆ ಸರಿ, ಮಿನಾರು ಎಷ್ಟು ಅಂತ ಯಾರಾದರೂ ಎಣಿಸಬಹುದು. ಜನಾನಾದೊಳಗೆ ಕಾಲಿಡದ ಗಿರಾಕಿ ಏನು ತಪ್ಪು ಹಿಡಿದಾನು? ಪರಗಂಡಸಾದ ಪ್ರೆಜಿಯೋಸಿಗೂ ಅಲ್ಲಿ ಪ್ರವೇಶ ಇರಲಿಲ್ಲ. ಆದರೂ ಅಂತಃಪುರದ ಹೆಂಗಸರನ್ನು ಬರೆದರು, ಕೊಳ್ಳುವವರೂ ಇದ್ದರು.

ಬೀದಿಯ ಕಥೆಯೂ ಅಷ್ಟೇ. ತುರ್ಕಿಯ ಸುಲ್ತಾನ ಎರಡನೇ ಮಹಮೂದ್ 1829ರಲ್ಲೇ ಸರ್ಕಾರಿ ನೌಕರರ ಪೇಟ ಬಿಡಿಸಿ ಫೆಜ್ ಟೋಪಿ ಹಾಕಿಸಿದ್ದ. 1850ರ ದಶಕದಲ್ಲಿ ಬಾಸ್ಫರಸ್ ಜಲಸಂಧಿಯ ದಡದ ಊರುಗಳಿಗೆ ಜನ ಉಗಿದೋಣಿಯಲ್ಲಿ ಓಡಾಡುತ್ತಿದ್ದರು. ತಾನೂ ಉಗಿಹಡಗಿನಲ್ಲೇ ಬಂದಿಳಿದ ಲಂಡನ್ ಸಾಹೇಬನಿಗೆ ಇದೆಲ್ಲ ಯಾಕೆ, ಅವನಿಗೆ ಬೇಕಿದ್ದದ್ದು ಪೇಟ, ನೀರು ಮಾರುವವನು, ದರ್ವೇಶಿ, ಮುಸುಕಿನ ಹೆಂಗಸು. ಟೋಪಿ ಹಾಕಿಕೊಂಡು ಆಫೀಸಿಂದ ಮನೆಗೆ ಹೊರಟ ಗುಮಾಸ್ತನ ಚಿತ್ರ ಯಾರು ಕೊಳ್ಳುತ್ತಾರೆ? ಓಡಿದ ಸರಕನ್ನೇ ಪ್ರೆಜಿಯೋಸಿ ಮತ್ತೆ ಮತ್ತೆ ಬರೆದುಕೊಟ್ಟರು. ಕೈ ಚೆನ್ನಾಗಿತ್ತು, ಅದರಲ್ಲಿ ಎರಡು ಮಾತಿಲ್ಲ, ಆ ನೀಲಿ ನೀರು ನೋಡಿದರೆ ನನಗೂ ಆಸೆಯಾಗುತ್ತದೆ. ಆದರೆ ನಲವತ್ತು ವರ್ಷ ಇದ್ದುದರಿಂದ ಊರು ಚೆನ್ನಾಗಿ ಗೊತ್ತಾಗುವ ಹಾಗೆ, ಯಾವುದು ಮಾರಾಟವಾಗುತ್ತೆ ಅನ್ನೋದೂ ಚೆನ್ನಾಗಿ ಗೊತ್ತಾಗುತ್ತದಲ್ವಾ?

ಸ್ಥಳೀಯರ ಫೋಟೋ ಸ್ಟುಡಿಯೋಗಳೂ ವೇಷ ಹಾಕಿಸಿ ಕೂರಿಸುತ್ತಿದ್ದವು, ಹಾಗಾಗಿ ಹೊರಗಿನವರು ಅಂತ ಬೈಯುವ ಮಾತಲ್ಲ ಇದು. ಅಂದಿನ ಹೆಂಗಸರ ಬಗ್ಗೆ ತಿಳಿಯಬೇಕೆಂದರೆ ಇಸ್ತಾಂಬುಲ್ ಖಾಜಿ ನ್ಯಾಯಾಲಯಗಳ ಕಡತಗಳಿವೆ. ಆಸ್ತಿಯಲ್ಲಿ ಪಾಲು ಕೊಡಿಸಿ ಅಂತ ಹೆಸರು ಬರೆಸಿ ಜಗಳಕ್ಕೆ ನಿಂತ ಹೆಂಗಸರು ಅಲ್ಲಿ ಸಿಗುತ್ತಾರೆ.