2000ದ ಸೂಪರ್‌ಹಿಟ್‌ಗಳು, ಒಂದು ಫ್ಲಾಪು

ಗೋವಾದ ಅಂಜುನಾ, ವಾಗಾತೋರ್ ಕಡೆಯ ಕ್ಲಬ್ಬುಗಳ ರಾತ್ರಿ ಹಾಡಿನ ಗಲಾಟೆ ಹೈಕೋರ್ಟಿಗೆ ಹೋಯಿತು, ಬಂತು, ಮತ್ತೆ ಹೋಯಿತು. ನಿಮಗೆ ಗೊತ್ತಿರುವ ಕಥೆಯೇ. ಕೋರ್ಟು ಕೇಳುತ್ತದೆ, ಅಧಿಕಾರಿಗಳು ಅಫಿಡವಿಟ್ ಹಾಕುತ್ತಾರೆ, ಅಷ್ಟರಲ್ಲಿ ಶನಿವಾರ ಬರುತ್ತದೆ.

ಈಗಿನ ಹೊಸ ಚಾಳಿ ‘ವೈಟೂಕೆ ನೈಟ್’. 2000ನೇ ಇಸವಿ ಆಸುಪಾಸಿನ ಹಿಟ್ ಹಾಡುಗಳನ್ನು ರಾತ್ರಿಯಿಡೀ ಬಡಿಯುವುದು. ಒಳ್ಳೇದೇ. ವೆಂಗಾಬಾಯ್ಸ್, ಲೂ ಬೇಗಾ, ದಲೇರ್ ಮೆಹಂದಿ, ಒಬ್ಬರ ಹಾಡಿಗೂ ವಯಸ್ಸಾಗಿಲ್ಲ. ಕುಣಿಯುವವರ ಮಂಡಿಗೆ ಆಗಿದೆ, ಅದು ಬೇರೆ ಮಾತು.

ನನಗೆ ಜಾಸ್ತಿ ಇಷ್ಟ ಬಹಾಮಾಸ್‌ನ ಬಾಹಾ ಮೆನ್ ತಂಡದ ನಾಯಿ ಹಾಡು. ನಾಯಿಗಳನ್ನು ಹೊರಗೆ ಬಿಟ್ಟವರು ಯಾರು ಅಂತ 2000ದಲ್ಲಿ ಕೇಳಿದರು, ಮರುವರ್ಷ ಗ್ರ್ಯಾಮಿ ಬಂತು. ಗೋವಾದ ಬೀಚಿನಲ್ಲಿ ನಿಂತು ಕೇಳುವ ಪ್ರಶ್ನೆಯೇ ಇದು? ಇಲ್ಲಿನ ನಾಯಿಗಳನ್ನು ಯಾರೂ ಬಿಟ್ಟಿಲ್ಲ. ಅವು ಮೊದಲಿಂದಲೂ ಅಲ್ಲೇ ಇವೆ, ನಾವು ಬಂದದ್ದು ಆಮೇಲೆ. ತಮಾಷೆ ಅಂದರೆ ಹಾಡು ಬಾಹಾ ಮೆನ್ ಅವರದ್ದೂ ಅಲ್ಲ. ಟ್ರಿನಿಡಾಡ್‌ನ ಆನ್ಸ್ಲೆಮ್ ಡಗ್ಲಸ್ ಅವರದು. ಹೆಂಗಸರನ್ನು ನೋಡಿ ಬಾಯಿಗೆ ಬಂದ ಹಾಗೆ ಅನ್ನುವ ಗಂಡಸರೇ ಆ ನಾಯಿಗಳು ಅಂತ ಅವರೇ ಹೇಳಿದ್ದಾರೆ. ಈಗ ಬಾಗಾ ರಸ್ತೆಯಲ್ಲಿ ಜೀಪಿನಿಂದ ಕತ್ತು ಹೊರಗೆ ಚಾಚಿ, ಹೋಗೋ ಬರೋ ಹುಡುಗಿಯರಿಗೆ ಕೂಗುತ್ತಾ ಬರುವ ಗುಂಪು (ಕೆಎ ನಂಬರ್‌ಪ್ಲೇಟಿನವರೂ ಇದ್ದಾರೆ, ಸುಳ್ಳು ಯಾಕೆ) ಕ್ಲಬ್ಬಿನೊಳಗೆ ಬಂದು ಇದೇ ಹಾಡಿಗೆ ಬೌ ಬೌ ಅನ್ನುತ್ತದೆ. ಬೈಸಿಕೊಂಡವರೇ ದನಿಗೂಡಿಸೋದು ಅಂದ್ರೆ ಸಾಮಾನ್ಯವಾ?

ಇರಲಿ. ಅದೇ ವರ್ಷದ ಇನ್ನೊಂದು ರಿಲೀಸು ಯಾರಿಗೂ ನೆನಪಿಲ್ಲ. 2000ದ ಜನವರಿ 14ಕ್ಕೆ ಹೃತಿಕ್ ರೋಶನ್ ಹೀರೋ ಆದ ಮೊದಲ ಸಿನಿಮಾ ಬಂತು. ಸರಿಯಾಗಿ ಒಂದು ತಿಂಗಳಿಗೆ, ಪ್ರೇಮಿಗಳ ದಿನವೇ, ಕೇಂದ್ರ ಸರ್ಕಾರದ ಶಬ್ದಮಾಲಿನ್ಯ ನಿಯಮ ಬಂತು. ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ, ಬಾಗಿಲು ಮುಚ್ಚಿದ ಹಾಲ್ ಬಿಟ್ಟರೆ, ಲೌಡ್‌ಸ್ಪೀಕರ್ ಕೂಡದು. ಹೃತಿಕ್ ಕುಣಿದ ಹಾಡು ಇವತ್ತಿಗೂ ಹೌಸ್‌ಫುಲ್. ನಿಯಮ ಮ್ಯಾಟಿನಿಗೇ ಎತ್ತಂಗಡಿ.

ಅಳೆಯುವ ಮೀಟರಿಗೂ ಒಂದು ದೊಡ್ಡ ಮನಸ್ಸಿದೆ. ನಿಯಮದ ಪ್ರಕಾರ ‘ಎ’ ಅಳತೆಯಲ್ಲಿ ಎಣಿಸಬೇಕು. ಆ ಅಳತೆ ಬೇಸಿನ ಧಂ ಧಂ ಅನ್ನು ತೀರಾ ಕಮ್ಮಿ ಲೆಕ್ಕ ಹಿಡಿಯುತ್ತದೆ. ಗೋಡೆ ದಾಟಿ ಬರುವುದೇ ಅದು! ವಾಗಾತೋರ್‌ನಲ್ಲಿ ಬಾಡಿಗೆಗಿರುವ ಗದಗಿನ ಅಕ್ಕನ ಅಡುಗೆಮನೆಗೆ ಹೋಗಿ ನೋಡಿ. ಸ್ಟ್ಯಾಂಡಿನಲ್ಲಿರೋ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಕಿಣಿಕಿಣಿ ಅನ್ನುತ್ತವೆ. ಕಟ್ಟೆ ಮೇಲಿನ ಕೊಡದ ನೀರು ಬೀಟಿಗೆ ಸರಿಯಾಗಿ ನಡುಗುತ್ತದೆ. ಒಮ್ಮೆ ಆಕೆ ಪೊಲೀಸ್ ಠಾಣೆಗೆ ಫೋನ್ ಮಾಡಿ ದೂರು ಕೊಟ್ಟರು. ಎಷ್ಟು ಜೋರಾಗಿದೆ ಅಂತ ಆ ಕಡೆಯಿಂದ ಕೇಳಿದರು. ‘ನೀವ ಕೇಳ್ರಿ ಸಾಹೇಬ್ರ’ ಅಂತ ಫೋನನ್ನು ಕಿಟಕಿಗೆ ಹಿಡಿದರು. ‘ಅರೇ, ನಮ್ಮ ಕಾಲೇಜ್ ದಿನಗಳ ಹಾಡು!’ ಅಂತ ಹಿಂದಿಯಲ್ಲಿ ಮೆಚ್ಚುಗೆ ಬಂತು.

ಆಕೆಯ ಗಂಡ ಹೋಟೆಲ್ ಅಡುಗೆಯವರು. ಬೆಳಿಗ್ಗೆ ಐದಕ್ಕೆ ಎದ್ದು, ರಾತ್ರಿ ಕುಣಿದವರಿಗೇ ಆಮ್ಲೆಟ್ ಹಾಕಬೇಕು. ಮಗಳು ಹತ್ತನೇ ಕ್ಲಾಸು. ರಾತ್ರಿ ನಿದ್ದೆ ಬೇಕು ಅನ್ನೋದು ಅಷ್ಟು ದೊಡ್ಡ ಬೇಡಿಕೆಯಾ? ಕಾನೂನಿಗೆ 25 ವರ್ಷ ದಾಟಿತು. ಮೀಟರ್ ಇದೆ, ಠಾಣೆ ಇದೆ, ಜೀಪಿದೆ. ಹೋಗಿ ಪ್ಲಗ್ ಕೀಳೋಕೆ ಒಬ್ಬ ಮನುಷ್ಯ ಇಲ್ಲ. ಸಾಕಾಗಿದೆ.

ದಕ್ಷಿಣದ ಪಾಲೋಲೆಂನವರು ಎಷ್ಟೋ ವರ್ಷದ ಹಿಂದೆಯೇ ಉಪಾಯ ಕಂಡುಕೊಂಡರು. ಹತ್ತರ ನಂತರ ಎಲ್ಲರ ಕಿವಿಗೂ ಹೆಡ್‌ಫೋನ್. ಇಲ್ಲೂ ಹಾಗೆ ಮಾಡಬಹುದಲ್ವಾ ಅಂತ ಉತ್ತರದ ಒಬ್ಬ ಮ್ಯಾನೇಜರನ್ನು ಕೇಳಿದೆ. ‘ಸೌಂಡು ಹೊರಗೆ ಕೇಳದಿದ್ರೆ ಗಿರಾಕಿ ಒಳಗೆ ಹೇಗೆ ಬರ್ತಾನೆ ಸಾರ್?’ ಅಂದರು. ಹಾಗಾದರೆ ದಿನಾ ಹೊರಗೆ ಕೇಳಿಸಿಕೊಳ್ಳುವ ನಮ್ಮ ಅಕ್ಕನಿಗೊಂದು ಪಾಸ್ ಕೊಡಿ ಅಂದೆ. ಲೇಡೀಸ್ ನೈಟ್ ಬುಧವಾರವಂತೆ. ಶನಿವಾರ ಬರೋದಾದ್ರೆ ಕವರ್ ಚಾರ್ಜ್ ಕೊಡಬೇಕಂತೆ.