ಸತ್ಯಾಂಶ: ಬಕೆಟ್ ನೀರಿಟ್ಟರೆ ಇದ್ದಿಲಿನ ವಿಷಗಾಳಿ ಹೋಗುತ್ತದಾ?

ಸ್ಕೀಯಿಂಗ್ ಸೀಸನ್ ಹತ್ತಿರ ಬಂದಾಗ ಉತ್ತರಾಖಂಡದ ಔಲಿ, ಹಿಮಾಚಲದ ಸೋಲಂಗ್ ಕಡೆ ಮನೆ ಸಜ್ಜು ಮಾಡುವವರಿಗೆ ಒಂದು ಫಾರ್ವರ್ಡ್ ಬರುತ್ತದೆ: ಇದ್ದಿಲಿನ ಅಗ್ಗಿಷ್ಟಿಕೆ ಪಕ್ಕ ಬಕೆಟ್ ನೀರಿಡಿ, ಬಾಗಿಲು ಮುಚ್ಚಿ ಆರಾಮಾಗಿ ಮಲಗಿ ಅಂತ. ತಪ್ಪು. ಇದ್ದಿಲು ಉರಿದಾಗ ಬರುವ ವಿಷಗಾಳಿ ಕಾರ್ಬನ್ ಮೊನಾಕ್ಸೈಡ್, ಅದು ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಒಣಗಾಳಿ ಸ್ವಲ್ಪ ತೇವವಾದೀತು, ಅಷ್ಟೇ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ, ಹಾಗಾಗಿ ನಿದ್ದೆಯಲ್ಲಿದ್ದವರಿಗೆ ಗೊತ್ತೇ ಆಗುವುದಿಲ್ಲ. ಹೊಗೆಕೊಳವೆ ಇರುವ ಬುಖಾರಿ (ಕೋಣೆ ಬಿಸಿ ಮಾಡುವ ಒಲೆ) ವಾಸಿ. ಆದರೆ ಹಿಮ ಬೀಳುವ ಮೊದಲೇ ಕೊಳವೆಯ ಮಸಿ ತೆಗೆಸಿ, ಬಿದ್ದ ಮೇಲೆ ಅದರ ಬಾಯಿ ಮುಚ್ಚಿಹೋಗಿದೆಯಾ ನೋಡಿ (ಇದನ್ನೇ ಎಲ್ಲರೂ ಮರೆಯೋದು). ಮಲಗುವ ಕೋಣೆ ಹತ್ತಿರ ಕಾರ್ಬನ್ ಮೊನಾಕ್ಸೈಡ್ ಅಲಾರಂ ಹಾಕಿಸಿ. ತಲೆನೋವು, ವಾಕರಿಕೆ ಶುರುವಾದರೆ ಎಷ್ಟೇ ಚಳಿಯಿರಲಿ, ಮೊದಲು ಹೊರಗೆ ಬನ್ನಿ.